ಪಹಣಿಯ ಖಾಲಿ ಕಾಲಂ

ಹೋದ ವರ್ಷ ನವೆಂಬರ್‌ನ ಒಂದು ಗುರುವಾರ. ಆಫೀಸಿನ ಬೆಳಗಿನ ಸ್ಟ್ಯಾಂಡ್‌ಅಪ್ ನಡೀತಿತ್ತು. ನನ್ನ ಸರದಿಗೆ ಇನ್ನಿಬ್ಬರು ಬಾಕಿ. ಅಷ್ಟರಲ್ಲಿ ಅಪ್ಪನ ಫೋನು. ಕೆಲಸದ ಹೊತ್ತಿನಲ್ಲಿ ಅಪ್ಪ ಸುಮ್ಮನೆ ಫೋನ್ ಮಾಡೋರಲ್ಲ. ಮೈಕ್ ಮ್ಯೂಟ್ ಮಾಡಿ ಎತ್ತಿಕೊಂಡೆ.

“ತಮ್ಮಾ, ಒಡ್ಡಿನ ಮ್ಯಾಲಿನ ಹುಣಸಿ ಗಿಡಕ್ಕ ಗಿರಾಕಿ ಬಂದಾನ. ಇಪ್ಪತ್ತೆರಡು ಸಾವಿರ ಅನ್ಲತ್ತಾನ. ನಿಮ್ಮ ಕಾಕಾ ಕೊಟ್ಟುಬಿಡಮು ಅಂತಾನ. ಏನ್ ಮಾಡ್ಲಿ?”

“ನಾಳಿ ಹೇಳ್ತೀನಿ ಅಪ್ಪಾ” ಅಂದು ಇಟ್ಟೆ.

ನಮ್ಮೂರು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ಹೆದ್ದಾರಿ ಬಿಟ್ಟು ಒಂದಷ್ಟು ಒಳಗಿರೋ ಸಣ್ಣ ಊರು. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನೋದು. ನೂರು ವರ್ಷದ ಆಲವೂ ಗಿಡವೇ. ಈ ಹುಣಸೆ ಹಚ್ಚಿದ್ದು ನಮ್ಮ ಮುತ್ಯಾನ ಅಪ್ಪ. ಆಗ ಹೊಲ ಒಂದೇ ಇತ್ತು. ಮುಂದೆ ಅಪ್ಪನಿಗೂ ಕಾಕಾನಿಗೂ ಪಾಲಾದಾಗ ನಡುವಿನ ಒಡ್ಡೇ ಗಡಿ ಆಯ್ತು, ಹುಣಸೆ ಆ ಗಡಿಯ ಮೇಲೆ ನಿಂತುಬಿಡ್ತು. ದಕ್ಷಿಣಕ್ಕೆ ನಮ್ಮ ಹೊಲ, ಉತ್ತರಕ್ಕೆ ಕಾಕಾಂದು.

ನಾಳೆ ಹೇಳ್ತೀನಿ ಅಂದಿದ್ದಕ್ಕೆ ಒಂದು ಕಾರಣ ಇತ್ತು. ಮೂರು ವರ್ಷದ ಹಿಂದೆ ಇಂಥದೇ ಒಂದು ಫೋನ್ ಬಂದಿತ್ತು. ಹೊಲದ ನಡುವಿನ ಬೇವು ಟ್ರ್ಯಾಕ್ಟರಿಗೆ ಅಡ್ಡ ಬರ್ತದ, ಕಬ್ಬು ಹಚ್ಚಬೇಕು, ತೆಗೀಲೇನು ಅಂತ ಅಪ್ಪ ಕೇಳಿದ್ದರು. ಆಗಲೂ ಮೀಟಿಂಗಿನಲ್ಲಿದ್ದೆ. “ತೆಗೀರಿ” ಅಂದೆ. ಹತ್ತು ಸೆಕೆಂಡೂ ಹಿಡೀಲಿಲ್ಲ. ಆಮೇಲೆ ಊರಿಗೆ ಹೋದಾಗ ಬುತ್ತಿ ಬಿಚ್ಚೋಕೆ ಎಲ್ಲಿ ಕೂಡಬೇಕು ಅಂತ ತಿಳೀಲಿಲ್ಲ. ಆ ಬೇವಿನ ಪೊಟರೆಯಲ್ಲಿ ಹಾಲಕ್ಕಿ ಜೋಡಿ ಇರ್ತಿತ್ತು. ಅದು ನಸುಕಿನಲ್ಲಿ ನುಡಿದ ದಿಕ್ಕು ನೋಡಿಕೊಂಡು ಆಯಿ ಆ ದಿನ ಒಳ್ಳೇದೋ ಕೆಟ್ಟದ್ದೋ ಹೇಳ್ತಿದ್ದಳು. ಬೇವು ಹೋಯ್ತು, ಹಾಲಕ್ಕಿ ಹೋಯ್ತು. ಆಯಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ಗುರುವಾರ ರಾತ್ರಿ, ಹುಣಸೆ ಕಾಗದದ ಮೇಲೆ ಯಾರದು ಅಂತ ನೋಡೋಣ ಅಂತ ಲ್ಯಾಪ್‌ಟಾಪ್ ತೆಗೆದು ಪಹಣಿ ನೋಡಿದೆ. ಕರ್ನಾಟಕದ ಪಹಣಿಗಳು 2000ದ ಆಚೀಚೆ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದವು. ನಿಮ್ಮಲ್ಲಿ ಹೊಲ ಇರೋರು ಒಮ್ಮೆ ಗಮನ ಇಟ್ಟು ನೋಡಿ. ಮಾಲೀಕರ ಹೆಸರು, ವಿಸ್ತೀರ್ಣ, ಮಣ್ಣು, ಬೆಳೆ, ಸಾಲ ಇವುಗಳ ನಡುವೆ ಮರಗಳಿಗೆ ಅಂತಲೇ ಒಂದು ಕಾಲಂ ಇರ್ತದೆ: ಹೆಸರು, ಸಂಖ್ಯೆ. ನಮ್ಮದರಲ್ಲಿ ಅದು ಖಾಲಿ. ಕಾಕಾನದೂ ಖಾಲಿ. ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದರೆ ‘ನಲ್’. ನೂರು ವರ್ಷದಷ್ಟು ಹಳೇ ಹುಣಸೆ ಅಲ್ಲಿ ಇಲ್ಲವೇ ಇಲ್ಲ.

ಟೇಬಲ್ಲಿನಲ್ಲಿ ಕಾಲಂ ಇದೆ ಅಂದರೆ ಯಾವತ್ತೋ ಯಾರಿಗೋ ಅದು ಬೇಕಾಗಿತ್ತು ಅಂತಲೇ ಅರ್ಥ. ಹೊಲದ ಮರವನ್ನು ಲೆಕ್ಕಕ್ಕೆ ಇಡೋರು ಯಾರಿದ್ದರು, ಯಾವಾಗ ಬಿಟ್ಟರು? ಹುಡುಕುತ್ತಾ ಹೋದೆ. ಹುಡುಕಾಟ ನನ್ನನ್ನು ತಿರುಗಿ ನಮ್ಮೂರಿನ ಹತ್ತಿರಕ್ಕೇ ತಂದು ನಿಲ್ಲಿಸ್ತು.

11ನೇ ಶತಮಾನದ ನಡುಭಾಗದಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ, ಅಂದರೆ ಈಗಿನ ಮಳಖೇಡದಿಂದ, ಕಲ್ಯಾಣಕ್ಕೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ, ಅರ್ಧ ಶತಮಾನ ಆಳಿದ. ಹುಮನಾಬಾದ್ ತಾಲೂಕಿನ ಜಲಸಂಗಿ ಗುಡಿಯ ಹೊರಗೋಡೆಯಲ್ಲಿ ಒಬ್ಬ ಹೆಣ್ಣುಮಗಳು ಬೆನ್ನು ತಿರುಗಿಸಿ ನಿಂತು ಶಾಸನ ಬರೀತಾಳಲ್ಲ, ಅವಳು ಬರೆಯೋದು ಇದೇ ವಿಕ್ರಮಾದಿತ್ಯನ ಹೊಗಳಿಕೆ. ಶಾಲೆಯ ಪಿಕ್ನಿಕ್ಕಿನಲ್ಲಿ ಅವಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇವೆ. ಇಂಥ ಶಿಲ್ಪಗಳಿಗೆ ಶಾಲಭಂಜಿಕೆ ಅಂತಲೂ ಅಂತಾರೆ. ಆ ಹೆಸರಿನ ಮೂಲ ಅರ್ಥ ಸಾಲದ ಮರದ ಟೊಂಗೆ ಮುರಿಯೋಳು ಅಂತ.

ಟೊಂಗೆ ಮುರಿದರೆ ಏನಾಗ್ತಿತ್ತು ಅನ್ನೋದೂ ಅದೇ ಕಾಲದ ಪುಸ್ತಕದಲ್ಲಿದೆ. ವಿಕ್ರಮಾದಿತ್ಯನ ಆಶ್ರಯದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಅನ್ನೋ ವ್ಯಾಖ್ಯಾನ ಬರೆದ. ಬ್ರಿಟಿಷರ ಕೋರ್ಟುಗಳು ಬಂಗಾಳ, ಅಸ್ಸಾಂ ಬಿಟ್ಟು ಹೆಚ್ಚುಕಡಿಮೆ ಇಡೀ ಭಾರತದ ಹಿಂದೂ ಆಸ್ತಿ ವ್ಯಾಜ್ಯಗಳನ್ನು ಈ ಪುಸ್ತಕ ಹಿಡಿದೇ ತೀರ್ಮಾನ ಮಾಡಿದವು. ಟ್ಯಾಕ್ಸ್ ಉಳಿಸೋಕೆ ನಿಮ್ಮ ಸಿ.ಎ. ‘ಎಚ್‌ಯುಎಫ್ ಮಾಡಿಸಿ’ ಅಂತಾರಲ್ಲ, ಆ ಅವಿಭಕ್ತ ಕುಟುಂಬದ ಕಲ್ಪನೆಯ ಬೇರೂ ಇಲ್ಲೇ ಇದೆ. ಪಾಲು, ವಾರಸುದಾರಿಕೆಯ ಭಾಗ ಎಲ್ಲರಿಗೂ ಗೊತ್ತು. ಮರದ ಭಾಗವನ್ನು ಯಾರೂ ಅಷ್ಟಾಗಿ ನೆನೆಸೋದಿಲ್ಲ.

ಅಲ್ಲಿನ ಲೆಕ್ಕ ಹೀಗಿದೆ. ಜನ ಬದುಕಿಗೆ ನೆಚ್ಚಿಕೊಂಡ ಮರದ ಟೊಂಗೆ ಕಡಿದರೆ 20 ಪಣ ದಂಡ. ಕಾಂಡ ಕಡಿದರೆ 40. ಬುಡಸಹಿತ ತೆಗೆದರೆ 80. ಗುಡಿ, ಸುಡುಗಾಡು, ಪುಣ್ಯಸ್ಥಳ ಮತ್ತು ಗಡಿಯ ಮೇಲಿನ ಮರ ಆದರೆ ದಂಡ ಎರಡರಷ್ಟು. ಪೊದೆ, ಬಳ್ಳಿ, ಔಷಧಿ ಗಿಡಗಳಿಗೂ ದಂಡ ಇತ್ತು, ಅದು ಅರ್ಧ. ನಮ್ಮ ಹುಣಸೆ ಗಡಿಯ ಮೇಲಿದೆ. ವಿಜ್ಞಾನೇಶ್ವರನ ಲೆಕ್ಕದಲ್ಲಿ ನನ್ನ ಅಪ್ಪ, ಕಾಕಾ 160 ಪಣದ ಆಸಾಮಿಗಳು.

ಗಡಿಯ ಮರಕ್ಕೆ ಯಾಕಿಷ್ಟು ಬೆಲೆ? ಭಕ್ತಿಗಿಂತ ಹೆಚ್ಚಾಗಿ ಅದು ವ್ಯವಹಾರ. ಎರಡು ಹೊಲದ ನಡುವೆ, ಎರಡು ಊರಿನ ನಡುವೆ ಜಗಳ ಬಂದರೆ ಗಡಿ ಗುರುತಿಸೋದು ಹೇಗೆ ಅಂತ ಅದೇ ಪುಸ್ತಕ ಪಟ್ಟಿ ಕೊಡ್ತದೆ: ಮರ, ಒಡ್ಡು, ಹುತ್ತ, ತಗ್ಗು, ನೆಲದಲ್ಲಿ ಹೂತಿಟ್ಟ ಇದ್ದಿಲು, ಹೊಟ್ಟು, ಎಲುಬು. ಕನ್ನಡದ ದಾನಶಾಸನಗಳಲ್ಲೂ ಭೂಮಿಯ ಎಲ್ಲೆ ಹೇಳುವಾಗ ಇಂಥ ಮರ, ಇಂಥ ಕಲ್ಲು, ಇಂಥ ಹಳ್ಳ ಅಂತ ಬರ್ತದೆ. ಸರ್ವೆ ನಂಬರ್ ಇಲ್ಲದ ಕಾಲದಲ್ಲಿ ಮರವೇ ದಾಖಲೆ. ಅದನ್ನು ಕಡಿಯೋದು ಅಂದರೆ ದಾಖಲೆ ತಿದ್ದಿದ ಹಾಗೆ.

ಆ ಕಾಲದಲ್ಲಿ ಎಲ್ಲರೂ ಮರವನ್ನು ಮಗುವಿನ ಹಾಗೆ ಸಾಕ್ತಿದ್ದರು, ಈಗ ಕೆಟ್ಟುಹೋದೆವು ಅಂತ ನಾನು ಹೇಳೋದಿಲ್ಲ. ದಂಡ ಬರೆದಿದ್ದಾರೆ ಅಂದರೆ ಕಡಿಯೋರು ಇದ್ದರು ಅಂತಲೇ ಅಲ್ಲವೇ? ಆದರೆ ಒಂದು ಮಾತು ನಿಜ. ಚಾಲುಕ್ಯರ ಕಾಲದಲ್ಲೇ, 1025ರಲ್ಲಿ, ಎರಡನೇ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದಾಗ ಅಂತರ್ಜಲ ಹುಡುಕೋದು, ಅಡುಗೆ ಇವುಗಳ ಜೊತೆ ವೃಕ್ಷಾಯುರ್ವೇದಕ್ಕೂ ಜಾಗ ಕೊಟ್ಟ. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ತೋಟ, ಮರಗಳ ಬಗ್ಗೆ ಬರೆದ. ಮರ ಬೆಳೆಸೋದು ಒಂದು ವಿದ್ಯೆ, ಮರ ಉಳಿಸೋದು ಒಂದು ಕಾನೂನು. ಎರಡೂ ಪುಸ್ತಕದೊಳಗೆ ಬರೋ ಮಟ್ಟದ ವಿಷಯ ಆಗಿದ್ದವು.

ಅಲ್ಲಿಂದ ಎಂಟುನೂರು ವರ್ಷ ಜಿಗಿದು ನಮ್ಮ ಮುತ್ಯಾನ ಕಾಲಕ್ಕೆ ಬರೋಣ. ಬೀದರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಲ್ಯಾಣ ನವಾಬರ ಜಾಗೀರು. ಸರ್ಕಾರ ಲೆಕ್ಕ ಇಡ್ತಿದ್ದ ಮರ ಅಂದರೆ ಮುಖ್ಯವಾಗಿ ಸಿಂದಿ ಗಿಡ, ಅಂದರೆ ಈಚಲು. ಹಳ್ಳದ ದಂಡೆಗೆ, ಹೊಲದ ಅಂಚಿಗೆ ತಾನಾಗೇ ಬೆಳೆಯೋ ಈಚಲು ಅಬಕಾರಿಗೆ ಸೇರಿದ್ದು. ಸಂಸ್ಥಾನದ ಆದಾಯದಲ್ಲಿ ಅಬಕಾರಿಯದು ದೊಡ್ಡ ಪಾಲು. ಹೊಲ ನಿಮ್ಮದಿದ್ದರೂ ಅದರ ಅಂಚಿನ ಗಿಡದ ಹೆಂಡ ಸರ್ಕಾರದ ಗುತ್ತೇದಾರನದು.

1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರ ಆಯ್ತು, ನಮ್ಮದು ಆಗಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹಕ್ಕೆ ಇಳೀತು. ಆ ಸತ್ಯಾಗ್ರಹದ ಒಂದು ರೂಪ ಏನು ಗೊತ್ತೇ? ಸಿಂದಿ ಗಿಡ ಕಡಿಯೋದು. ನಿಜಾಮನ ಖಜಾನೆಗೆ ರೊಕ್ಕ ಹೋಗೋ ದಾರಿ ಕಡಿದ ಹಾಗೆ ಅಂತ. ಮುತ್ಯಾ ಆಗ ಹನ್ನೆರಡು ವರ್ಷದ ಹುಡುಗ. ರಾತ್ರಿ ಹಳ್ಳದ ಕಡೆಯಿಂದ ಕೊಡಲಿ ಸಪ್ಪಳ ಕೇಳ್ತಿತ್ತು, ಮನೆಯಲ್ಲಿ ದೊಡ್ಡವರು ಕಂದೀಲು ಸಣ್ಣ ಮಾಡಿ ಸುಮ್ಮನೆ ಕೂಡ್ತಿದ್ದರು ಅಂತ ಹೇಳ್ತಿದ್ದ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರ್ತು, ಮರುವರ್ಷ ಜಾಗೀರು ರದ್ದಾಯ್ತು, 1956ರ ನವೆಂಬರ್ 1ಕ್ಕೆ ಬೀದರ ಕನ್ನಡ ನಾಡಿಗೆ ಬಂತು.

ಮೊದಲ ಸಲ ಇದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿ ಆಯ್ತು. ಮರ ಕಡಿಯೋದು ದೇಶಭಕ್ತಿಯೇ? ಆದರೆ ಯೋಚಿಸಿದರೆ ಅರ್ಥ ಆಗ್ತದೆ. ಆ ಮರ ಅವರದಾಗಿರಲಿಲ್ಲ. ಇಂಥದ್ದೇ ಇನ್ನೊಂದು ಘಟನೆ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ, ಈಗ ಹಾವೇರಿಗೆ ಸೇರಿದ ಕುಸನೂರಿನಲ್ಲಿ ನಡೀತು. ಊರ ಗೋಮಾಳದಲ್ಲಿ ಕಾಗದ ಉದ್ಯಮಕ್ಕೆ ಅಂತ ಹಚ್ಚಿದ್ದ ನೀಲಗಿರಿ ಸಸಿಗಳನ್ನು ಜನ ಕಿತ್ತು, ಅದೇ ಕುಣಿಯಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಅಂತಲೇ ಅದರ ಹೆಸರು. ಮರ ಎಷ್ಟಿವೆ ಅನ್ನೋದಕ್ಕಿಂತ ಅದರ ನೆರಳು, ಹಣ್ಣು, ಸೊಪ್ಪು ಯಾರಿಗೆ ಅನ್ನೋದು ಹಳ್ಳಿಯವರಿಗೆ ಮೊದಲು ಕಾಣ್ತದೆ.

ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ ಆಫ್ರಿಕಾದ ನೈಜರ್ ದೇಶದಲ್ಲಿದೆ. ಫ್ರೆಂಚರ ಕಾಲದಿಂದ ಅಲ್ಲಿ ಹೊಲದ ಮರವೂ ಸರ್ಕಾರದ್ದೇ. ಕಡಿದರೆ ದಂಡ, ಬೆಳೆಸಿದರೆ ಲಾಭ ಇಲ್ಲ. ಹಾಗಾಗಿ ರೈತರು ಸಸಿ ಇದ್ದಾಗಲೇ ಕಿತ್ತು ಹಾಕ್ತಿದ್ದರು. 1980ರ ದಶಕದಲ್ಲಿ ಟೋನಿ ರಿನಾಡೊ ಅನ್ನೋ ಆಸ್ಟ್ರೇಲಿಯಾದ ಕೃಷಿತಜ್ಞರು, ಹೊಸ ಸಸಿ ನೆಟ್ಟು ನೆಟ್ಟು ಸೋತು, ಕಡಿದ ಮರದ ಬುಡಗಳು ನೆಲದೊಳಗೆ ಇನ್ನೂ ಜೀವ ಹಿಡಿದಿವೆ ಅಂತ ಗಮನಿಸಿದರು. ಅದರ ಚಿಗುರನ್ನು ರೈತರೇ ಆರಿಸಿ, ಸವರಿ, ಕಾಯೋದು ಶುರುವಾಯ್ತು. ಮರ ತಮ್ಮದು ಅನ್ನೋ ನಂಬಿಕೆ ಬಂದ ಮೇಲೆ ಅದು ಹಬ್ಬಿತು. ಸುಮಾರು 50 ಲಕ್ಷ ಹೆಕ್ಟೇರ್ ಹೊಲ ಮತ್ತೆ ಹಸಿರಾದದ್ದು ಉಪಗ್ರಹದ ಚಿತ್ರಗಳಲ್ಲಿ ಕಂಡಿತು.

ನಮ್ಮಲ್ಲಿ ಅದೇ ಉಪಗ್ರಹ ಬೇರೆ ಕಥೆ ಹೇಳಿತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2018ರಿಂದ 2022ರ ನಡುವೆ ಭಾರತದ ಹೊಲಗಳಿಂದ 50 ಲಕ್ಷಕ್ಕೂ ಹೆಚ್ಚು ದೊಡ್ಡ ಮರಗಳು ಮಾಯವಾಗಿವೆ. ನಮ್ಮ ಪಕ್ಕದ ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಪೆಟ್ಟು ಜೋರು. ಆ ಲೆಕ್ಕದಲ್ಲಿ ನಮ್ಮ ಬೇವೂ ಒಂದು ಇರಬಹುದು ಅಂತ ಓದುವಾಗ ಅನ್ನಿಸ್ತು.

ಮರ ಹೋಗಿದ್ದಕ್ಕೆ ಒಬ್ಬನೇ ಕಳ್ಳ ಇಲ್ಲ. 1972ರ ಬರವನ್ನು ನಮ್ಮ ಗಡಿಭಾಗದ ಹಿರಿಯರು ಇವತ್ತಿಗೂ ಮರಾಠಿಯಲ್ಲೇ ‘ಬಹಾತ್ತರಚಾ ದುಷ್ಕಾಳ’ ಅಂತಾರೆ. ಆಗ ಎತ್ತು ಉಳಿದದ್ದು ಬನ್ನಿ, ಜಾಲಿಯ ಸೊಪ್ಪಿನಿಂದ ಅಂತ ಆಯಿ ಹೇಳ್ತಿದ್ದಳು. ಎತ್ತು ಇದ್ದಾಗ ಹೊಲದ ಮರಕ್ಕೆ ಒಂದು ಕೆಲಸ ಇತ್ತು: ನೆರಳು, ಮೇವು, ಕುಂಟೆ ಕೂರಿಗೆಗೆ ಕಟ್ಟಿಗೆ. ಎತ್ತಿನ ಗಳೆ ಮರ ಸುತ್ತಿ ಹೋಗ್ತಿತ್ತು, ಟ್ರ್ಯಾಕ್ಟರಿಗೆ ಅದು ತ್ರಾಸು. ತೊಗರಿ, ಜೋಳ, ಹೆಸರು, ಉದ್ದು ಬೆರೆಸಿ ಬಿತ್ತೋ ಹೊಲದಲ್ಲಿ ಸೋಯಾ, ಕಬ್ಬು ಬಂದವು. ಪುಣೆ–ಹೈದರಾಬಾದ್ ಹೆದ್ದಾರಿ, ಆಗ 9, ಈಗ 65, ನಾಲ್ಕು ಸಾಲಾಗಿ ಅಗಲ ಆದಾಗ ದಂಡೆಯ ಮರಗಳೂ ಹೋದವು. ನಾನು ಅದೇ ರಸ್ತೆಯಲ್ಲಿ ಬಸ್ ಹಿಡಿದು ಬಿ.ಇ. ಓದಿದವನು. ರಸ್ತೆ ಬೇಡ ಅಂತ ಹೇಳೋ ಮುಖ ನನಗಿಲ್ಲ.

ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರದ ಹಾಂಗ ಇರೋಣ ಅಂತೀವಲ್ಲ, ಆ ಬನ್ನಿಯೇ ರಾಜಸ್ಥಾನದ ಖೇಜ್ರಿ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಆ ಮರ ತಬ್ಬಿಕೊಂಡು 363 ಬಿಷ್ಣೋಯಿಗಳು ಜೀವ ಕೊಟ್ಟರು. ನಮ್ಮಲ್ಲಿ ಯಾರೂ ಜೀವ ಕೊಡಬೇಕಾಗಿಲ್ಲ. ಒಂದು ಫೋನಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೊಟ್ಟರೆ ಸಾಕಿತ್ತು.

ನಮ್ಮೂರಲ್ಲಿ ಏಳೆಂಟು ಹುಡುಗರಿದ್ದಾರೆ. ಒಬ್ಬ ಬಾಡಿಗೆ ಟ್ರ್ಯಾಕ್ಟರ್ ಹೊಡೀತಾನೆ, ಒಬ್ಬ ಹುಮನಾಬಾದಿನ ಜೆರಾಕ್ಸ್ ಅಂಗಡಿಯಲ್ಲಿದ್ದಾನೆ, ಒಬ್ಬರು ಪ್ರೈಮರಿ ಶಾಲೆ ಮಾಸ್ತರ್. ಸಂಘ, ಬೋರ್ಡು, ರಸೀದಿ ಪುಸ್ತಕ ಏನೂ ಇಲ್ಲ. ಮೊದಲ ವರ್ಷ ಜೂನ್ 5ಕ್ಕೆ ಎಲ್ಲರ ಹಾಗೆ ಸಸಿ ನೆಟ್ಟು ಫೋಟೋ ಹಾಕಿದರು. ಮುಂದಿನ ಬೇಸಿಗೆಗೆ ಮುಕ್ಕಾಲು ಪಾಲು ಆಡು ತಿಂದೋ ನೀರಿಲ್ಲದೆಯೋ ಸತ್ತವು. ಆಮೇಲೆ ರೀತಿ ಬದಲಿಸಿದರು. ಹಕ್ಕಿ ಹಿಕ್ಕೆಯಿಂದ ಒಡ್ಡಿನ ಮೇಲೆ ತಾನಾಗೇ ಎದ್ದ ಬೇವು, ಬನ್ನಿ, ಬೋರೆ, ಸೀತಾಫಲದ ಸಸಿ ಹುಡುಕಿ, ಸುತ್ತ ಜಾಲಿ ಮುಳ್ಳು ಹಾಕಿ, ಗೂಟಕ್ಕೆ ಕೆಂಪು ಬಟ್ಟೆ ಕಟ್ತಾರೆ. ಉಳುವಾಗ ಟ್ರ್ಯಾಕ್ಟರಿನವನಿಗೆ ಕಾಣಲಿ ಅಂತ. ಏಪ್ರಿಲ್, ಮೇ ತಿಂಗಳಲ್ಲಿ ಬೈಕಿನ ಮೇಲೆ ಕ್ಯಾನ್ ಕಟ್ಟಿಕೊಂಡು ನೀರು. ಹೊಲದವನನ್ನು ಕೇಳದೆ ಯಾವ ಗಿಡಕ್ಕೂ ಕೈ ಹಚ್ಚೋದಿಲ್ಲ. ನೈಜರ್ ಹೆಸರು ಅವರು ಕೇಳಿರಲಿಲ್ಲ. ನಾನು ಹೇಳಿದಾಗ ಮಾಸ್ತರ್ ನಕ್ಕು, “ಅಲ್ಲೂ ಆಡು ಅವೇನ್ರಿ?” ಅಂದರು.

ಮಾಸ್ತರ್ ಹತ್ತಿರ ಒಂದು ಉದ್ದನೆ ನೋಟ್‌ಬುಕ್ ಇದೆ. ಯಾರ ಒಡ್ಡು, ಯಾವ ಗಿಡ, ಯಾವಾಗ ಹೂವು, ಯಾವ ಹಕ್ಕಿ ಗೂಡು, ಸೊಪ್ಪು ತೊಪ್ಪಲು ಯಾವುದಕ್ಕೆ ಬರ್ತದೆ, ಎಲ್ಲ ಅದರಲ್ಲಿ. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಸಮಿತಿ, ಒಂದು ಜನತಾ ದಾಖಲಾತಿ ಇರಬೇಕು. ಮಾಧವ ಗಾಡ್ಗೀಳರಂಥವರು ಹಳ್ಳಿ ಹಳ್ಳಿ ತಿರುಗಿ ಕಟ್ಟಿದ ಕಲ್ಪನೆ ಅದು. ಈ ನೋಟ್‌ಬುಕ್ ಸರ್ಕಾರದ್ದಲ್ಲ, ಆದರೆ ಕೆಲಸ ಅದೇ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ 2011ರಿಂದ ಸರ್ಕಾರವೂ ನೆಟ್ಟದ್ದಕ್ಕಲ್ಲ, ಮೂರು ವರ್ಷ ಬದುಕಿದ ಸಸಿಗೆ ರೊಕ್ಕ ಕೊಡ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರಿಲೀಸ್‌ಗಿಂತ ಅಪ್‌ಟೈಮ್ ಮುಖ್ಯ.

ಇದೇ ಹೆದ್ದಾರಿಯಲ್ಲಿ ಹುಮನಾಬಾದಿನಿಂದ ಹೈದರಾಬಾದ್ ಕಡೆ ಒಂದು ತಾಸು ಹೋದರೆ ಜಹೀರಾಬಾದ್. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು 1980ರ ದಶಕದಿಂದ ಬಂಜರು ನೆಲದಲ್ಲಿ ಮರ ಬೆಳೆಸಿದ್ದಾರೆ, ಒಂದೇ ಹೊಲದಲ್ಲಿ ಹತ್ತಾರು ಬೆಳೆಯ ಬೀಜ ಉಳಿಸಿದ್ದಾರೆ, ಎತ್ತಿನ ಬಂಡಿಯಲ್ಲಿ ಆ ಬೀಜ ಇಟ್ಟು ಊರೂರು ಮೆರವಣಿಗೆ ಮಾಡ್ತಾರೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಜೊತೆಗೆ ನಿಂತಿದ್ದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಓದು ಬರಹ ಇಲ್ಲದ ಹೆಣ್ಣುಮಕ್ಕಳು ಇಟ್ಟ ಲೆಕ್ಕ ಪ್ರಪಂಚ ಒಪ್ಪಿತು. ನಾನು ಬಿ.ಇ. ಓದಿ ನಮ್ಮ ಒಡ್ಡಿನ ಮೇಲೆ ಎಷ್ಟು ಗಿಡ ಇವೆ ಅಂತ ಹೇಳಲಾರದವನಾಗಿದ್ದೆ.

ಎಳ್ಳ ಅಮಾಸಿಗೆ ಊರಿಗೆ ಹೋದೆ. ನಮ್ಮ ಕಡೆ ಅದೇ ದೊಡ್ಡ ಹಬ್ಬ. ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಪಾಂಡವರು ಅಂತ ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಗೆಲ್ಲ ಚರಗ ಚೆಲ್ಲಿ, ಆಮೇಲೆ ಗಿಡದ ಕೆಳಗೆ ಸಜ್ಜೆ ರೊಟ್ಟಿ, ಅಂಬಲಿ, ಭಜ್ಜಿ. ನಮ್ಮ ಭಜ್ಜಿ ಅಂದರೆ ನಿಮ್ಮ ಬೆಂಗಳೂರಿನ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಾಳು, ಹತ್ತು ಥರದ ಸೊಪ್ಪು ಕೂಡಿಸಿ ಕುದಿಸಿದ್ದು. ಬೇವು ಇಲ್ಲದ್ದರಿಂದ ಎರಡೂ ಮನೆಯವರು ಹುಣಸೆ ಕೆಳಗೇ ಕೂತಿದ್ದೆವು.

ಊಟ ಆದ ಮೇಲೆ ನಾನೇ ಮಾತು ತೆಗೆದೆ. ಮಿತಾಕ್ಷರಾ, 160 ಪಣ ಎಲ್ಲ ಹೇಳಿದೆ. ಕಾಕಾ ಪೂರ್ತಿ ಕೇಳಿ ಅಂದರು:

“ಅದೆಲ್ಲ ಖರೇ ಇರಬೇಕು ತಮ್ಮಾ. ಆದ್ರ ಹಣ್ಣು ಅರ್ಧಾ ಅರ್ಧಾ, ನೆಳ್ಳು ಪೂರಾ ನಂದೇ. ಅದು ಯಾವ ಪುಸ್ತಕದಾಗ ಅದ?”

ತಲೆ ಎತ್ತಿ ನೋಡಿದೆ. ಡಿಸೆಂಬರಿನ ಬಿಸಿಲು ದಕ್ಷಿಣಕ್ಕೆ ವಾಲಿತ್ತು. ನೆರಳು ಉದ್ದಕ್ಕೆ ಕಾಕಾನ ಜೋಳದ ಮೇಲೆ ಬಿದ್ದಿತ್ತು, ಅಲ್ಲಿಯ ಬೆಳೆ ಮೊಳಕಾಲೆತ್ತರ. ನಮ್ಮ ಕಡೆ ಒಂದು ಸಾಲಿಗೂ ತೊಂದರೆ ಇಲ್ಲ. ಪಾಲಾಗಿ ಇಪ್ಪತ್ತು ವರ್ಷ, ಈ ಮಾತು ಅವರು ಆಡಿರಲಿಲ್ಲ, ನಾವೂ ಕೇಳಿರಲಿಲ್ಲ. ನನಗೆ ತಿಳಿದದ್ದು, ಗಿರಾಕಿ ತಂದದ್ದು ದುರಾಸೆಯಲ್ಲ, ಇಪ್ಪತ್ತು ವರ್ಷದ ಬಾಕಿ.

“ನಿಮ್ಮ ಪಾಲಿನ ಹನ್ನೊಂದು ಸಾವಿರ ನಾನು ಕೊಡ್ತೀನಿ ಕಾಕಾ” ಅಂದೆ. ಕಾಕಾನ ಮುಖ ಸಣ್ಣದಾಯ್ತು. “ನಿನ್ನ ರೊಕ್ಕ ಬ್ಯಾಡ” ಅಂದರು. ತಪ್ಪು ಮಾತಾಡಿದೆ ಅಂತ ಆಗಲೇ ತಿಳೀತು. ತಿಂಗಳ ಸಂಬಳ ಇರೋನಿಗೆ ಮರದ ಮೇಲೆ ಪ್ರೀತಿ ತೋರಿಸೋದು ಸುಲಭ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆಯಿ, ಅಂಬಲಿ ಗಡಿಗೆ ಮುಚ್ಚುತ್ತಾ, ಅಪ್ಪನ ಕಡೆ ನೋಡಿ ಅಂದಳು, “ನೆಳ್ಳು ಉಣ್ಣಾವಗ ಹಣ್ಣೂ ಕೊಡ್ರಿ.”

ಅಪ್ಪ ಎರಡು ದಿನ ಗೊಣಗಿ ಒಪ್ಪಿದರು. ಹುಣಸೆ ಒಡ್ಡಿನ ಮೇಲೇ ಇರೋದು, ಹಣ್ಣು ಪೂರ್ತಿ ಕಾಕಾಂದು. ನಮಗೆ ವರ್ಷಕ್ಕೆ ಸಾರಿಗೆ ಆಗೋಷ್ಟು. ಈ ಮಾರ್ಚಿನಲ್ಲಿ ಕಾಕಾ ಹಣ್ಣು ಬಡಿದರು, ಒಂದು ಡಬ್ಬಿ ನಮ್ಮ ಬೆಂಗಳೂರಿನ ಮನೆಗೂ ಬಂತು. ಇದು ಎಷ್ಟು ವರ್ಷ ನಡೀತದೆ ಗೊತ್ತಿಲ್ಲ. ಕಾಕಾನ ಮಗಳ ಕಾಲೇಜು ಫೀ ದೊಡ್ಡದಿದೆ, ಗಿರಾಕಿ ಫೋನ್ ನಂಬರ್ ಬಿಟ್ಟು ಹೋಗಿದ್ದಾನೆ.

ಪಹಣಿಯ ಕಾಲಂ ಇನ್ನೂ ಖಾಲಿಯೇ ಇದೆ. ಮಾಸ್ತರ್ ನೋಟ್‌ಬುಕ್ಕಿನಲ್ಲಿ ಮಾತ್ರ ಒಂದು ಸಾಲು ಸೇರಿದೆ: ಹುಣಸಿ, ಒಂದು, ಇಬ್ಬರ ಒಡ್ಡಿನ ಮ್ಯಾಲ, ಹಣ್ಣು ಉತ್ತರದವರಿಗೆ. ಅದರ ಕೆಳಗೆ ನಾನೇ ಹೇಳಿ ಇನ್ನೊಂದು ಸಾಲು ಬರೆಸಿದೆ: ಬೇವು, ಒಂದು, ಹೊಲದ ನಡುವೆ, ಈಗ ಇಲ್ಲ. ಕಡಿಸಿದವರ ಹೆಸರು ಬರೀಬೇಕೇನ್ರಿ ಅಂತ ಮಾಸ್ತರ್ ಕೇಳಿದರು. ಬರೀರಿ ಅಂದೆ.